ಒಂದೇ ಬಾಗಿಲಿನ ಮೇಳ

ನಮ್ಮ ಶಾಲೆಯ ಪ್ರಾರ್ಥನೆಗೆ ರಾಗ ಹಾಕಿದವರು ಹಳೆಯ ಸಂಗೀತ ಮೇಷ್ಟ್ರು. ಈಗ ಅವರ ಕೈ ನಡುಗುತ್ತದೆ, ಹಾರ್ಮೋನಿಯಂ ಮುಟ್ಟುವುದಿಲ್ಲ. ಅವರಿರುವಾಗಲೇ ಅದನ್ನು ಧ್ವನಿಮುದ್ರಿಸಬೇಕೆಂದು ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮಗನ ಸ್ಟುಡಿಯೋಗೆ ಹೋದೆ. ಸ್ಟುಡಿಯೋ ಎಂದರೆ ಮಹಡಿಯ ಮೇಲಿನ ಕೋಣೆ. ಒಂದು ಕಂಪ್ಯೂಟರು, ಒಂದು ಕೀಬೋರ್ಡು. "ಕೊಳಲು, ತಬಲಾ ಎಲ್ಲಾ ಇದರೊಳಗೇ ಇವೆ ಚಿಕ್ಕಮ್ಮಾ" ಎಂದ.

ಇತಿಹಾಸ ಕಲಿಸುವವಳಿಗೆ ಇಸವಿ ಕೇಳದಿದ್ದರೆ ಸಮಾಧಾನವಿಲ್ಲ. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ಪ್ರದರ್ಶನವೊಂದರಲ್ಲಿ ಪ್ರಾಫೆಟ್-600 ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6 ಎಂಬ ಎರಡು ವಾದ್ಯಗಳನ್ನು ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಅದೇ ಮಿಡಿ. ವ್ಯಾಪಾರದಲ್ಲಿ ಎದುರಾಳಿಗಳಾದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಸೇರಿ ಮಾಡಿದ ಕೆಲಸ; 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಗೌರವ ಸಂದಿತು. ಆ ತಂತಿಯಲ್ಲಿ ಹರಿಯುವುದು ನಾದವಲ್ಲ, ಬರೀ ಆಜ್ಞೆ: ಯಾವ ಸ್ವರ, ಎಷ್ಟು ಒತ್ತು, ಯಾವಾಗ ಬಿಡು. ಅದಕ್ಕೆ 16 ಚಾನೆಲ್‌ಗಳು. ಹಾಜರಿ ಕೂಗಿದಂತೆ, ತನ್ನ ನಂಬರಿಗೆ ಮಾತ್ರ ಓಗೊಡಬೇಕು.

ಹಾಗಾದರೆ ಒಂದೇ ಪೆಟ್ಟಿಗೆ ಹಲವು ನಂಬರುಗಳಿಗೆ ಹಲವು ವಾದ್ಯಗಳಾಗಿ ಓಗೊಟ್ಟರೆ? ಇದಕ್ಕೇ ಮಲ್ಟಿಟಿಂಬ್ರಲ್ ಎನ್ನುತ್ತಾರೆ. 1987ರ ರೋಲ್ಯಾಂಡ್ ಎಂಟಿ-32ರಲ್ಲಿ ಎಂಟು ವಾದ್ಯ, ಜೊತೆಗೆ ತಾಳ. ಆದರೆ ಹೊರಬರಲು ಎಡ ಬಲ ಎರಡೇ ಕಿಂಡಿ! 1999ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿಯ ಎರಡನೆಯ ಆವೃತ್ತಿ ಬಂದಾಗ ವಾದ್ಯವೇ ಕಂಪ್ಯೂಟರಿನೊಳಗೆ ಹೋಗಿ ಕುಳಿತಿತು.

ನಮ್ಮ ಹುಡುಗ ಎಲ್ಲವನ್ನೂ ಒಂದೇ ಕಿಂಡಿಯಿಂದ ಹೊರಬಿಟ್ಟಿದ್ದ. ಕೊಳಲಿಗೆಂದು ಸ್ವಲ್ಪ ಗುಂಗು ಸೇರಿಸಿದರೆ ತಬಲಾಕ್ಕೂ ಅದೇ ಗುಂಗು. ಮೇಷ್ಟ್ರು ಕೇಳಿ, "ತಬಲಾ ಬಾವಿಯೊಳಗೆ ಬಾರಿಸಿದ್ದೇನಮ್ಮ?" ಎಂದರು. ನನಗೆ ನಾಚಿಕೆಯಾಯಿತು. ಒಂದೇ ಪಾತ್ರೆಗೆ ಅನ್ನ, ಸಾರು, ಪಾಯಸ ಸುರಿದ ಮೇಲೆ ಪಾಯಸಕ್ಕಷ್ಟೇ ಬೆಲ್ಲ ಹಾಕು ಎಂದರೆ ಹೇಗೆ?

ಮತ್ತೆ ಮಹಡಿ ಹತ್ತಿದೆ. ಹುಡುಗ ಗೊಣಗಿಕೊಂಡೇ ಆ ವಾದ್ಯದ ಮಲ್ಟಿ ಔಟ್‌ಪುಟ್ ತೆರೆದ. ಕೊಳಲು, ತಬಲಾ, ತಂಬೂರಿ ಒಂದೊಂದಕ್ಕೂ ಬೇರೆ ದಾರಿ. ಮಿಕ್ಸರಿನಲ್ಲಿ ಬೇರೆ ಬೇರೆ ಮನೆ. ಕ್ಯಾರಿಯರ್ ಡಬ್ಬಿಯ ಅಂತಸ್ತುಗಳ ಹಾಗೆ. ತಬಲಾದ ಗುಂಗು ತೆಗೆದ, ಕೊಳಲಿನದು ಉಳಿಸಿದ. ಮಕ್ಕಳ ದನಿ ಮೇಲೆ ಬಂತು.

ಮೇಷ್ಟ್ರು ಈ ಸಲ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಕೊಳಲು ಚೆನ್ನಾಗಿದೆ. ಯಾರ ಹುಡುಗ ನುಡಿಸಿದ್ದು?" ಎಂದರು.

ನಮ್ಮ ಅಕ್ಕನ ಮಗ ಎಂದುಬಿಟ್ಟೆ.