ಸ್ಮಾರಕ ನಾಣ್ಯ: ಕೂಡಿಡತಕ್ಕದ್ದೆ, ಖರ್ಚು ಮಾಡತಕ್ಕದ್ದೆ?

ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಎಂದಾದರೊಂದು ದಿನ ಉಳಿದವುಗಳಂತಿರದ ಒಂದು ನಾಣ್ಯ ನಮ್ಮ ಕೈಗೆ ಬರುತ್ತದೆ. ಒಬ್ಬ ಮಹಾಪುರುಷನ ಮುಖವೋ, ಒಂದು ಸಂಸ್ಥೆಯ ಹೆಸರೋ, ಜನನ ಮರಣಗಳ ಇಸವಿಯೋ ಅದರ ಮೇಲಿರುತ್ತದೆ. ಮನೆಯ ಹುಡುಗರು ಅದನ್ನು ತೆಗೆದಿರಿಸೋಣವೆನ್ನುತ್ತಾರೆ. ಹಿರಿಯರು ಸೊಪ್ಪಿನವಳಿಗೆ ಕೊಟ್ಟು ಕಳುಹಿಸುತ್ತಾರೆ. ಯಾರ ಪಕ್ಷ ಸರಿ? ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಬೇಲೂರಿನವರಿಗೆ ತುಸು ಹೆಚ್ಚಾಗಿಯೇ ಉಂಟು. ತನ್ನ ಗೆಲವನ್ನು ನಾಣ್ಯದ ಮೇಲೆ ಬರೆಯಿಸಿದ ದೊರೆಯೊಬ್ಬನ ಗುಡಿ ನಮ್ಮ ಊರಿನ ನಡುವೆಯೇ ನಿಂತಿದೆಯಲ್ಲವೆ?

ವಿಷ್ಣುವರ್ಧನನು 1117ರಲ್ಲಿ ಇಲ್ಲಿ ವಿಜಯನಾರಾಯಣನನ್ನು, ಎಂದರೆ ನಾವು ಚೆನ್ನಕೇಶವನೆಂದು ಪೂಜಿಸುವ ದೇವರನ್ನು, ಪ್ರತಿಷ್ಠೆ ಮಾಡಿಸಿದನು. ಅದಕ್ಕೆ ಸ್ವಲ್ಪ ಮುಂಚೆ ಅವನ ದಂಡನಾಯಕ ಗಂಗರಾಜನು ಚೋಳರ ಕೈಯಿಂದ ತಲಕಾಡನ್ನು ಬಿಡಿಸಿದ್ದನು. ಆ ಗೆಲವು ದೊರೆಗೆ ಬಿರುದಾಯಿತು. ಬಿರುದು ಕಲ್ಲಿನ ಶಾಸನಗಳಲ್ಲಿ ನಿಂತದ್ದು ಸಾಲದೆ ಚಿನ್ನದ ನಾಣ್ಯಕ್ಕೂ ಏರಿತು. ಸುಮಾರು 4 ಗ್ರಾಂ ತೂಗುವ ಈ ನಾಣ್ಯದ ಒಂದು ಮುಖದಲ್ಲಿ ಸಿಂಹವಿದೆ. ಇನ್ನೊಂದು ಮುಖದಲ್ಲಿ ಆ ಕಾಲದ ಕನ್ನಡ ಲಿಪಿಯಲ್ಲಿ ಮೂರು ಸಾಲಾಗಿ ‘ಶ್ರೀ ತಳಕಾಡುಗೊಂಡ’ ಎಂದು ಬರೆದಿದೆ. ‘ನೊಣಂಬವಾಡಿಗೊಂಡ’ ಎಂಬ ಬಿರುದುಳ್ಳ ಇನ್ನೊಂದು ಬಗೆಯೂ ದೊರೆತಿದೆ. ವ್ಯಾಕರಣ ಓದಿದವನಿಗೆ ಇಲ್ಲೊಂದು ಬೇರೆಯ ಸಂತೋಷ. ‘ಕೊಂಡ’ ಎಂಬುದು ಸಮಾಸದಲ್ಲಿ ‘ಗೊಂಡ’ವಾಗಿದೆ, ಆದೇಶಸಂಧಿ! ತರಗತಿಯಲ್ಲಿ ನಾವು ‘ಮಳೆಗಾಲ’ ‘ಬೆಟ್ಟದಾವರೆ’ಗಳನ್ನೇ ಹೇಳಿ ಹೇಳಿ ಸವೆಸಿದ್ದೇವೆ. ಚಿನ್ನದ ಮೇಲೆ ಅಚ್ಚಾದ ಉದಾಹರಣೆಯನ್ನು ಮರೆತಿದ್ದೇವೆ.

ಆದರೆ ಈ ನಾಣ್ಯದಲ್ಲಿ ದೊರೆಯ ಹೆಸರಿಲ್ಲ, ವರ್ಷವಿಲ್ಲ. ತಲಕಾಡನ್ನು ಕೊಂಡವನಾರು ಎಂಬುದನ್ನು ಶಾಸನಗಳನ್ನು ಓದಿ ತಿಳಿಯಬೇಕು. ಇಂದಿನ ಅರ್ಥದಲ್ಲಿ ಇದು ಸ್ಮಾರಕ ನಾಣ್ಯವೇ ಅಲ್ಲ, ಬಿರುದಿನ ನಾಣ್ಯ ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆಳುವವರು ಯಾವುದನ್ನು ಜನರ ಕೈಯಿಂದ ಕೈಗೆ ಸಾಗಿಸಬೇಕೆಂದು ಬಯಸಿದರು ಎಂಬುದು ಮಾತ್ರ ಎರಡರಿಂದಲೂ ತಿಳಿಯುತ್ತದೆ. ಕೂಡಿಡಲು ಯೋಗ್ಯವೆ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಒರೆಗಲ್ಲು.

ಆ ಒರೆಗಲ್ಲಿಗೆ ನಮ್ಮ ಕಾಲದವನ್ನು ಹಚ್ಚಿ ನೋಡೋಣ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಜವಾಹರಲಾಲ್ ನೆಹರೂ ಅವರು ತೀರಿಕೊಂಡ 1964ರಲ್ಲಿ ಬಂದವು: ಒಂದು 50 ಪೈಸೆ, ಒಂದು ರೂಪಾಯಿ. ಗಾಂಧೀಜಿಯವರ ಶತಮಾನೋತ್ಸವಕ್ಕೆ, 1969ರಲ್ಲಿ, 20 ಪೈಸೆಯಿಂದ ಹಿಡಿದು ಬೆಳ್ಳಿಯ 10 ರೂಪಾಯಿಯವರೆಗೆ ಬಂದವು. ಇವುಗಳ ಸಂಗತಿ ಸರಳ. ದೊಡ್ಡವರನ್ನು ನೆನೆಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ನನಗೆ ಹೆಚ್ಚು ಹಿಡಿಸುವುವು ಅವುಗಳ ಬೆನ್ನಿಗೆ ಬಂದ ಬಡ ನಾಣ್ಯಗಳು. 1970ರ 20 ಪೈಸೆ ‘ಎಲ್ಲರಿಗೂ ಅನ್ನ’ ಎನ್ನುತ್ತದೆ. 1973ರ 50 ಪೈಸೆ ‘ಹೆಚ್ಚು ಆಹಾರ ಬೆಳೆಯಿರಿ’ ಎನ್ನುತ್ತದೆ. 1974ರ ಅಲ್ಯೂಮಿನಿಯಮ್ಮಿನ 10 ಪೈಸೆ, ಕುಟುಂಬ ಯೋಜನೆಯಾದರೆ ಎಲ್ಲರಿಗೂ ಅನ್ನ ಎಂದು ಹೇಳುತ್ತದೆ. ಈ ಮೂರನ್ನೂ ಅಂಗೈಯಲ್ಲಿ ಒಟ್ಟಿಗೆ ಇಟ್ಟುಕೊಂಡು ಓದಿರಿ. ರೇಷನ್ ಅಂಗಡಿಯ ಮುಂದೆ ನಿಂತ ಒಂದು ದೇಶ ಕಣ್ಣಿಗೆ ಕಟ್ಟುವುದಿಲ್ಲವೆ? ಹೊಯ್ಸಳನ ನಾಣ್ಯ ಗೆದ್ದ ಊರನ್ನು ಹೇಳಿತು. ಇವು ಗೆಲ್ಲಬೇಕಾದ ಹಸಿವನ್ನು ಹೇಳಿದವು.

ಕನ್ನಡಿಗರಿಗೆ ಬೇಕಾದದ್ದು 2006ರ 5 ರೂಪಾಯಿ. ಅದರ ಮೇಲೆ ಬಸವೇಶ್ವರರಿದ್ದಾರೆ. ಹೆಸರು ಮಾತ್ರ ನಾಗರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ. ತಳಕಾಡುಗೊಂಡನ ನಾಣ್ಯ ಕನ್ನಡದಲ್ಲಿ ಮಾತನಾಡಿತ್ತು. ವಚನಗಳನ್ನು ಕೊಟ್ಟವರ ನಾಣ್ಯ ಕನ್ನಡವಾಡಲಿಲ್ಲ. ಇಡೀ ದೇಶದ ಚಲಾವಣೆಗೆ ಅದು ಅನಿವಾರ್ಯವೆಂದು ಒಪ್ಪಿದರೂ ಮನಸ್ಸು ಒಮ್ಮೆ ಮಿಡುಕುತ್ತದೆ.

ಇನ್ನು ದುಡ್ಡಿನ ಮಾತು. ಇವುಗಳಿಂದ ಹಣವಂತರಾಗುವ ಆಸೆ ಬೇಡ. ಚಲಾವಣೆಗೆಂದು ಅಪಾರವಾಗಿ ಅಚ್ಚಾದದ್ದಕ್ಕೆ ಅಪರೂಪದ ಬೆಲೆ ಎಲ್ಲಿಂದ ಬರಬೇಕು? ಒಂದು ಸಾಮಾನ್ಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆಂದು ಆಸೆ ಹುಟ್ಟಿಸಿ, ಮೊದಲು ಶುಲ್ಕ ಕಳುಹಿಸಿರಿ, ತೆರಿಗೆ ಕಟ್ಟಿರಿ ಎನ್ನುವ ವಂಚಕರಿದ್ದಾರೆ. ತನ್ನ ಹೆಸರನ್ನೇ ಬಳಸಿಕೊಂಡು ಹೀಗೆ ಮೋಸ ನಡೆಯುತ್ತಿದೆಯೆಂದೂ, ಇಂತಹ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದೂ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಪಿಂಚಣಿಯ ಹಣವನ್ನು ನೆಚ್ಚಿಕೊಂಡಿರುವ ಮನೆಗಳಲ್ಲಿ ಈ ಸಂಗತಿಯನ್ನು ಗಟ್ಟಿಯಾಗಿ ಓದಿ ಹೇಳಿದರೆ ಒಳ್ಳೆಯದು.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. 10 ರೂಪಾಯಿಯ ನಾಣ್ಯದ ಮೇಲೆ ಬಗೆಬಗೆಯ ಸ್ಮಾರಕ ಚಿತ್ರಗಳು ಬಂದುದರಿಂದ, ಯಾವುದು ಸಾಚಾ ಯಾವುದು ಖೋಟಾ ಎಂದು ತಿಳಿಯದೆ ವ್ಯಾಪಾರಿಗಳು ತೆಗೆದುಕೊಳ್ಳಲು ಹಿಂಜರಿದರು. ಅದುವರೆಗೆ ಬಂದ 14 ವಿನ್ಯಾಸಗಳೂ ಸಿಂಧುವೆಂದು ಬ್ಯಾಂಕು 2018ರ ಜನವರಿಯಲ್ಲಿ ಹೇಳಿತು. ನೆನಪಿಡಲೆಂದು ಹೊಡೆಯಿಸಿದ ಗುರುತೇ ಸಂಶಯಕ್ಕೆ ಎಡೆಯಾದದ್ದು ವಿಚಿತ್ರ! ಯಾರ ನೆನಪಿಗೆ, ಏಕೆ ಎಂದು ಓದುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಿದ್ದರೂ ಈ ಗಲಿಬಿಲಿ ಅರ್ಧ ತಗ್ಗುತ್ತಿತ್ತು.

ಆದ್ದರಿಂದ ಹುಡುಗರು ಕೂಡಿಡಲಿ. ಆದರೆ ಚಿಲ್ಲರೆಯಲ್ಲಿ ಬಂದದ್ದನ್ನು ಅದರ ಮುಖಬೆಲೆಗೇ ಇಟ್ಟುಕೊಳ್ಳಲಿ, ಹೆಚ್ಚು ಕೊಟ್ಟು ಕೊಳ್ಳುವುದು ಬೇಡ. 25 ಪೈಸೆಯೂ ಅದಕ್ಕಿಂತ ಕೆಳಗಿನವೂ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು. ಗಾಂಧೀಜಿಯವರ 20 ಪೈಸೆಯನ್ನು ಇಟ್ಟುಕೊಂಡಿದ್ದವನಿಗೆ ಆದ ನಷ್ಟ ಬರಿಯ 20 ಪೈಸೆ. ಇಸವಿಯ ಕೆಳಗೆ ಕಣ್ಣಿಟ್ಟು ನೋಡಲು ಕಲಿಸಿರಿ: ನಕ್ಷತ್ರವಿದ್ದರೆ ಹೈದರಾಬಾದಿನ ಟಂಕಸಾಲೆ, ವಜ್ರದ ಆಕಾರವಿದ್ದರೆ ಮುಂಬಯಿ, ದುಂಡುಚುಕ್ಕೆಯಿದ್ದರೆ ನೋಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಪ್ರತಿಯೊಂದಕ್ಕೂ ಒಂದು ಕಾಗದದ ಲಕೋಟೆ ಮಾಡಿ, ಸಿಕ್ಕಿದ ದಿನವನ್ನೂ ಅದು ಹೇಳುವ ಸಂಗತಿಯನ್ನೂ ಎರಡು ಸಾಲು ಬರೆಯಿಸಿರಿ. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗಳ ಜೊತೆಗೆ ಅವನ್ನೂ ಹುಣಸೆಹಣ್ಣು ಹಾಕಿ ಬೆಳಗಿಬಿಡದಂತೆ ಅಡಿಗೆಮನೆಯವರಿಗೆ ಮೊದಲೇ ಹೇಳಿಡುವುದು ಕ್ಷೇಮ.