ಕ್ರೀಟ್ ದ್ವೀಪದ ಮರಿಯ–ಬಾಲಯೇಸು ಐಕಾನ್‌ಗಳು

ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿ, ಮುಖ್ಯವಾಗಿ 15 ಮತ್ತು 16ನೆಯ ಶತಮಾನಗಳಲ್ಲಿ, ಮರದ ಹಲಗೆಯ ಮೇಲೆ ಬರೆದ ಭಕ್ತಿಚಿತ್ರಗಳು. ಬೈಜಾಂಟಿಯನ್ ಮತ್ತು ಇಟಲಿಯ ಚಿತ್ರಪದ್ಧತಿಗಳು ಇವುಗಳಲ್ಲಿ ಬೆರೆತಿವೆ. ಎರಡನ್ನೂ ಬಲ್ಲ ಕಲಾವಿದರು ಬೇಡಿಕೆ ನೋಡಿಕೊಂಡು ಮಾಡಿದ ಬೆರಕೆ ಇದು.

ಹಿನ್ನೆಲೆ

13ನೆಯ ಶತಮಾನದ ಆರಂಭದಿಂದ 1669ರವರೆಗೆ ಕ್ರೀಟ್ ವೆನಿಸ್ ಗಣರಾಜ್ಯದ ವಶದಲ್ಲಿತ್ತು. ಪ್ರಜೆಗಳಲ್ಲಿ ಬಹುಪಾಲು ಗ್ರೀಕ್ ಆರ್ಥೊಡಾಕ್ಸ್ ಪಂಥದವರು, ಆಳುವವರು ಕಥೋಲಿಕರು. 1453ರಲ್ಲಿ ಕಾನ್ಸ್ಟಾಂಟಿನೋಪಲ್ ಆಟೊಮನ್ನರ ಕೈಸೇರಿದ ಮೇಲೆ ಐಕಾನ್ ಕಲೆಯ ಪ್ರಧಾನ ಕೇಂದ್ರವಾಗಿ ಬೆಳೆದದ್ದು ದ್ವೀಪದ ರಾಜಧಾನಿ ಕ್ಯಾಂಡಿಯ, ಇಂದಿನ ಇರಾಕ್ಲಿಯೊ. ಆಂಜೆಲೊಸ್ ಅಕೊಟಾಂಟೊಸ್, ಆಂಡ್ರಿಯಾಸ್ ರಿಟ್ಜೊಸ್, ನಿಕೊಲಾವೊಸ್ ಜಾಫುರಿಸ್ ಇಲ್ಲಿನ ಪ್ರಮುಖ ಚಿತ್ರಕಾರರು.

ರಚನಾಕ್ರಮ

ಹಲಗೆಗೆ ಜಿಪ್ಸಂ ಮತ್ತು ಪ್ರಾಣಿಜನ್ಯ ಅಂಟಿನ ಲೇಪವನ್ನು ಹಲವು ಪದರ ಬಳಿದು ನುಣುಪು ಮಾಡುತ್ತಿದ್ದರು. ಮಾದರಿ ರೇಖಾಚಿತ್ರದ ಗೆರೆಗುಂಟ ಸೂಜಿಯಿಂದ ಚುಚ್ಚಿ, ತೂತುಗಳ ಮೇಲೆ ಇದ್ದಿಲ ಪುಡಿ ತಟ್ಟಿದರೆ ಆಕೃತಿ ಹಲಗೆಗೆ ಇಳಿಯುತ್ತಿತ್ತು. ಈ ಮಾದರಿಗಳು ಕಾರ್ಯಾಗಾರದ ಆಸ್ತಿ. ಆಂಜೆಲೊಸ್‌ನ 54 ರೇಖಾಚಿತ್ರಗಳನ್ನು ಅವನ ಸಹೋದರ 1477ರಲ್ಲಿ ರಿಟ್ಜೊಸ್‌ಗೆ ಮಾರಿದನೆಂಬ ದಾಖಲೆಯಿದೆ. ಹಿನ್ನೆಲೆಗೆ ಚಿನ್ನದ ರೇಕು ಹಚ್ಚಿ, ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸಿ ಬರೆಯುತ್ತಿದ್ದರು. ಮುಖಕ್ಕೆ ಮೊದಲು ಗಾಢ ಕಂದು ಬಣ್ಣ, ಅದರ ಮೇಲೆ ಮೈಬಣ್ಣ, ಕಡೆಗೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು.

ಎರಡು ಪದ್ಧತಿ

ಗ್ರೀಕ್ ಪದ್ಧತಿಯಲ್ಲಿ ಮರಿಯಳ ತಲೆ ಮತ್ತು ಹೆಗಲನ್ನು ಕಡುಗೆಂಪು ಮೇಲ್ವಸ್ತ್ರ ಪೂರ್ತಿ ಮುಚ್ಚಿರುತ್ತದೆ. ವಸ್ತ್ರದ ಮಡಿಕೆಗಳು ಕೋನಾಕಾರ. ‘ಸಾಂತ್ವನದ ಮಾತೆ’ ಎಂಬ ಮಾದರಿಯಲ್ಲಿ ಇಟಲಿಯ ಪ್ರಭಾವ ಎದ್ದು ಕಾಣುತ್ತದೆ. ಮೇಲ್ವಸ್ತ್ರದ ಅಂಚಿನಡಿಯಿಂದ ಪಾರದರ್ಶಕ ಮುಸುಕು ಇಣುಕುತ್ತದೆ, ಎದೆಯ ಬಳಿ ಒಂದು ಪದಕ ವಸ್ತ್ರವನ್ನು ಬಿಗಿದಿರುತ್ತದೆ, ಮಡಿಕೆಗಳು ಮೃದುವಾಗಿ ಇಳಿಯುತ್ತವೆ. ಆದರೂ ಚಿನ್ನದ ಹಿನ್ನೆಲೆ ಮತ್ತು ಮಗುವಿನ ಉಡುಪಿನ ಚಿನ್ನದ ಗೆರೆಗಳು ಬೈಜಾಂಟಿಯಮ್ಮಿನವೇ. ಈ ಮಾದರಿ ಜಾಫುರಿಸ್‌ನಿಂದ ಪ್ರಚಾರಕ್ಕೆ ಬಂದಿರಬಹುದೆಂಬ ಅಭಿಪ್ರಾಯವಿದೆ.

1499ರ ಕರಾರು

ಈ ಕಲೆಯ ಸ್ವರೂಪವನ್ನು ತಿಳಿಯಲು ಯಾವ ಒಂದು ಚಿತ್ರಕ್ಕಿಂತಲೂ ಹೆಚ್ಚು ನೆರವಾಗುವುದು ಒಂದು ವ್ಯಾಪಾರದ ದಾಖಲೆ. 1499ರ ಜುಲೈನಲ್ಲಿ ಇಬ್ಬರು ವರ್ತಕರು, ಒಬ್ಬ ವೆನಿಸ್‌ನವನು, ಇನ್ನೊಬ್ಬ ಗ್ರೀಸ್‌ನ ಮೊರಿಯ ಪ್ರಾಂತದವನು, ಕ್ಯಾಂಡಿಯದ ಮೂವರು ಚಿತ್ರಕಾರರಿಗೆ ಮರಿಯಳ 700 ಐಕಾನ್‌ಗಳನ್ನು ಬರೆದುಕೊಡುವ ಕೆಲಸ ಒಪ್ಪಿಸಿದರು. ಗಡುವು ಸುಮಾರು 45 ದಿನ. ಎಂದರೆ ದಿನಕ್ಕೆ 15ಕ್ಕೂ ಹೆಚ್ಚು. 500 ‘ಲ್ಯಾಟಿನ್ ರೀತಿ’ಯವು (ಎಂದರೆ ಇಟಲಿಯ ಪದ್ಧತಿಯವು), 200 ‘ಗ್ರೀಕ್ ರೀತಿ’ಯವು ಎಂದು ಕರಾರು ಬಿಡಿಸಿ ಹೇಳುತ್ತದೆ, ವಸ್ತ್ರದ ಬಣ್ಣವನ್ನೂ ಸೂಚಿಸುತ್ತದೆ. ಒಂದೇ ಕಾರ್ಯಾಗಾರದಿಂದ ಎರಡೂ ರೀತಿ ಹೊರಡುತ್ತಿದ್ದವು. ಶೈಲಿ ಇಲ್ಲಿ ಕಲಾವಿದನ ಮನೋಧರ್ಮಕ್ಕಿಂತ ಗಿರಾಕಿಯ ಆಯ್ಕೆ. ಬೆರಕೆಯನ್ನು ಮೂಲಶೈಲಿಯ ಅವನತಿ ಎಂದು ಕಾಣುವ ಹಳೆಯ ವಾದಕ್ಕೆ ಈ ದಾಖಲೆಯ ಮುಂದೆ ಬಲ ಉಳಿಯುವುದಿಲ್ಲ.

ಪ್ರಸಾರ

ಎಲ್ ಗ್ರೆಕೊ (ಜನನ 1541) ಕ್ಯಾಂಡಿಯದಲ್ಲಿ ಐಕಾನ್ ಬರೆಯುತ್ತಿದ್ದವನು. ಮುಂದೆ ವೆನಿಸ್, ರೋಮ್ ದಾಟಿ ಸ್ಪೇನ್ ಸೇರಿದ. 1669ರಲ್ಲಿ ಕ್ಯಾಂಡಿಯ ಆಟೊಮನ್ನರಿಗೆ ಬಿದ್ದ ಬಳಿಕ ಪರಂಪರೆ ಅಯೋನಿಯನ್ ದ್ವೀಪಗಳಲ್ಲಿ ಮುಂದುವರಿಯಿತು.

ಕ್ರೀಟ್ ಮೂಲದ್ದೆಂದು ಹೇಳಲಾಗುವ ಒಂದು ಐಕಾನ್ ರೋಮ್‌ನಲ್ಲಿದೆ. 1866ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಅದನ್ನು ರಿಡೆಂಪ್ಟೊರಿಸ್ಟ್ ಸಭೆಗೆ ಒಪ್ಪಿಸಿದರು. ಶಿಲುಬೆ, ಈಟಿ ಹಿಡಿದ ದೇವದೂತರ ಕಡೆಗೆ ಮಗು ಕತ್ತು ತಿರುಗಿಸಿದೆ. ಎರಡು ಕೈಯಲ್ಲೂ ತಾಯಿಯ ಕೈ ಹಿಡಿದಿದೆ. ಒಂದು ಪಾದದಿಂದ ಕಳಚಿದ ಪಾದರಕ್ಷೆ ದಾರದಲ್ಲಿ ತೂಗುತ್ತಿದೆ. ಕರ್ನಾಟಕದ ಕಥೋಲಿಕರು ನಿತ್ಯ ಸಹಾಯ ಮಾತೆ ಎಂದು ಕರೆದು, ನವೇನ ಪ್ರಾರ್ಥನೆ ಸಲ್ಲಿಸುವುದು ಈ ಚಿತ್ರದ ಪ್ರತಿಗಳ ಮುಂದೆಯೇ.