ಹಳೆಯ ವಿಮಾಪತ್ರಗಳೂ ಒಂದು ಪದದ ಅರ್ಥವಿವಾದವೂ

ಅವಧಿ ಕಳೆದ ವಿಮಾಪತ್ರವು ನಿಷ್ಪ್ರಯೋಜಕವೆಂಬುದು ಲೋಕರೂಢಿ. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಅಪವಾದವುಂಟು. 1980ರಲ್ಲಿ ವಿಧಿಸಲ್ಪಟ್ಟ, ‘ಸೂಪರ್‌ಫಂಡ್’ ಎಂದು ಪ್ರಸಿದ್ಧವಾದ ಶಾಸನವು, ವಿಷದ್ರವ್ಯಗಳಿಂದ ಕೆಟ್ಟ ನೆಲಜಲಗಳ ಶುದ್ಧೀಕರಣದ ವೆಚ್ಚವನ್ನು ದಶಕಗಳ ಹಿಂದೆ ಅವನ್ನು ಸುರಿದವರ ಮೇಲೆಯೂ ಹೊರಿಸಿತು. ಆಗ ಕಾರ್ಖಾನೆಗಳವರು ತಮ್ಮ ಹಳೆಯ ಕಡತಗಳನ್ನು ಶೋಧಿಸತೊಡಗಿದರು. ಏಕೆಂದರೆ 1966ರಲ್ಲಿ ಪರಿಷ್ಕೃತವಾದ ಸಾಮಾನ್ಯ ಹೊಣೆವಿಮೆಯ ಪತ್ರದಂತೆ, ಹಾನಿಯು ಅವಧಿಯೊಳಗೆ ಸಂಭವಿಸಿದ್ದರೆ ಸಾಕು. ಪರಿಹಾರದ ಬೇಡಿಕೆಯು ಬಹುಕಾಲಾನಂತರ ಬಂದರೂ ವಿಮೆಗಾರನು ಹೊಣೆಗಾರನೇ.

ಆದರೆ 1970ರಿಂದ ಈ ಪತ್ರಗಳಿಗೆ ಸೇರತೊಡಗಿದ ವಾಕ್ಯವೊಂದು ಮಾಲಿನ್ಯವನ್ನು ಹೊರಗಿರಿಸಿ, ‘ಸಡನ್’ ಆದ ಹಾಗೂ ಆಕಸ್ಮಿಕವಾದ ವಿಸರ್ಜನೆಗೆ ಮಾತ್ರ ಅವಕಾಶವಿತ್ತಿತು. ‘ಸಡನ್’ ಎಂದರೆ ಕ್ಷಿಪ್ರವೆಂದೋ, ಅನಿರೀಕ್ಷಿತವೆಂದೋ? ವರ್ಷಾನುಗಟ್ಟಲೆ ಮೆಲ್ಲನೆ ಜಿನುಗಿದ ವಿಷಕ್ಕೆ ಮೊದಲನೆಯ ಅರ್ಥದಲ್ಲಿ ಹಣವಿಲ್ಲ, ಎರಡನೆಯದರಲ್ಲಿ ದೊರೆಯಬಹುದು. 1989ರಲ್ಲಿ ಜಾರ್ಜಿಯಾ ಸಂಸ್ಥಾನದ ಪರಮೋಚ್ಚ ನ್ಯಾಯಾಲಯವು ನಿಘಂಟುಗಳನ್ನು ಪರಾಮರ್ಶಿಸಿ, ಪದವು ಸಂದಿಗ್ಧವಾದುದರಿಂದ ಅದನ್ನು ಬರೆದವರಿಗೆ ಪ್ರತಿಕೂಲವಾಗಿಯೇ ಅರ್ಥೈಸಬೇಕೆಂದು ನಿರ್ಣಯಿಸಿತು. 1991ರಲ್ಲಿ ಮಿಷಿಗನ್ ಸಂಸ್ಥಾನದ ಪರಮೋಚ್ಚ ನ್ಯಾಯಾಲಯವು ಅದೇ ಪದದಲ್ಲಿ ಕಾಲದ ಅಲ್ಪತೆಯೂ ಅಡಕವಾಗಿದೆಯೆಂದಿತು. 1986ರ ಹೊಸ ಪತ್ರವು ಆ ಪದವನ್ನೇ ತೊರೆದು ಮಾಲಿನ್ಯವನ್ನು ಬಹುಮಟ್ಟಿಗೆ ನಿಷೇಧಿಸಿತಾದರೂ, ಹಳೆಯ ಪತ್ರಗಳ ಬೆಲೆಯು ಅಳಿಯಲಿಲ್ಲ.

ಮೂಲಪತ್ರವು ನಷ್ಟವಾದೆಡೆ ಲೆಕ್ಕದ ಪುಸ್ತಕ, ಕಾಗದಪತ್ರಗಳಿಂದ ಅದರ ಇರವನ್ನು ಸಾಧಿಸಬೇಕಾಗುತ್ತದೆ. ಇದು ಖಿಲವಾದ ಗ್ರಂಥದ ಪಾಠವನ್ನು ಉದ್ಧರಿಸುವ ನಮ್ಮ ಕಾರ್ಯಕ್ಕೆ ಸದೃಶವಾದುದು. ಶಬ್ದಾರ್ಥವಿಚಾರವು ಪಾಠಶಾಲೆಯ ವಿನೋದಮಾತ್ರವೆಂಬವರು ಇದನ್ನು ಪರ್ಯಾಲೋಚಿಸಬೇಕು: ಕೆಟ್ಟ ಬಾವಿಯ ನೀರನ್ನು ಯಾರ ಹಣದಿಂದ ಶುದ್ಧಗೊಳಿಸಬೇಕೆಂಬುದು ಇಲ್ಲಿ ಒಂದು ವಿಶೇಷಣವನ್ನು ಅವಲಂಬಿಸಿ ನಿಂತಿತು.